ಮಲ್ಲಕೆರೆಯ ಬೇಸಿಗೆ ಊರು

ಮೊನ್ನೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಪಡೀಲಿನಲ್ಲಿ ಕಟ್ಟಿಸಿದ ಹೊಸ ಮನೆಯ ಗೃಹಪ್ರವೇಶಕ್ಕೆ ಕರೆದಿದ್ದಳು. ಮೆಟ್ಟಿಲು ಹತ್ತಿ ಮಹಡಿ ನೋಡುವಷ್ಟು ಶಕ್ತಿ ನನ್ನ ಮೊಣಗಂಟುಗಳಲ್ಲಿ ಉಳಿದಿಲ್ಲ. ಹಿಂದಿನ ಜಗಲಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತೆ. ಎಪ್ರಿಲ್ ತಿಂಗಳ ಮಧ್ಯಾಹ್ನ. ಕಂಪೌಂಡಿನ ಆಚೆ, ತಗ್ಗಿನಲ್ಲಿ, ಲಾರಿಯವರು ಕೆಂಪುಮಣ್ಣು ಸುರಿಯುತ್ತಿದ್ದರು. ಮಣ್ಣು ಇನ್ನೂ ಮುಟ್ಟದ ಒಂದು ಮೂಲೆಯಲ್ಲಿ ಕಪ್ಪು ಕೆಸರು ಬಿಸಿಲಿಗೆ ಬಿರಿಯುತ್ತಿತ್ತು. ಅಲ್ಲಿಂದ ಒಂದು ವಾಸನೆ ಬಂತು. ಕೊಳೆತ ತಾವರೆ ಎಲೆ, ಸತ್ತ ಮೀನಿನ ಮರಿ, ಎಮ್ಮೆಯ ಮೈ, ಎಲ್ಲ ಸೇರಿದ ವಾಸನೆ.

"ಇದು ಎಂತ ಜಾಗ?" ಎಂದು ಕೇಳಿದೆ.

"ಮೊದಲು ಎಂತದೋ ಕೆರೆ ಇತ್ತಂತೆ ಟೀಚರ್. ಈಗ ಎಂತ ಇಲ್ಲ. ಸೈಟು ಮಾಡ್ತಾರೆ" ಎಂದಳು ಅವಳು, ಶರಬತ್ತಿನ ಲೋಟ ಕೈಗಿಡುತ್ತ.

ಆ ಕೆರೆಯ ದಂಡೆಯಲ್ಲಿ ಒಂದು ಬೇಸಿಗೆ ಕಳೆದವಳು ನಾನು ಎಂದು ಹೇಳಲು ಹೋಗಲಿಲ್ಲ. ಹೇಳಲು ತೊಡಗಿದರೆ ಮುಗಿಸುವಷ್ಟು ಉಸಿರು ಬೇಕು. ಬರೆಯುವುದಾದರೆ ನಿಲ್ಲಿಸಿ ನಿಲ್ಲಿಸಿ ಬರೆಯಬಹುದು.

ಅದು ನಲವತ್ತೆರಡನೆಯ ಇಸವಿ. ನನಗೆ ಇಪ್ಪತ್ತೆರಡು ವರ್ಷ. ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಟೀಚರಾಗಿ ಸೇರಿ ಒಂದು ವರ್ಷವಾಗಿತ್ತು. ನಮ್ಮ ಬಾಡಿಗೆ ಮನೆ ಬಂದರಿನಲ್ಲಿ, ಒಣಮೀನಿನ ಮತ್ತು ಕರಿಮೆಣಸಿನ ಗೋದಾಮುಗಳ ನಡುವಿನ ಓಣಿಯಲ್ಲಿತ್ತು. ಅಪ್ಪ ಮೆಣಸಿನ ಗೋದಾಮಿನಲ್ಲಿ ಗುಮಾಸ್ತರು. ಮನೆಯಲ್ಲಿ ಅಪ್ಪ, ಅಮ್ಮ, ನಾನು, ಮೂವರೇ. ಅಮ್ಮನಿಗೆ ಒಬ್ಬನೇ ತಮ್ಮ, ಪಾಸ್ಕು ಮಾಮ. ಅವನು ಹೆಂಡತಿ ಲೂಸಿಯನ್ನು ಕರೆದುಕೊಂಡು ರಂಗೂನಿಗೆ ಹೋಗಿ ಮರದ ಕಂಪೆನಿಯೊಂದರಲ್ಲಿ ಕೆಲಸಕ್ಕಿದ್ದ. ರಂಗೂನು ಜಪಾನಿಯರ ಕೈಗೆ ಹೋಯಿತೆಂಬ ಸುದ್ದಿ ಬಂದ ದಿನದಿಂದ ಅಮ್ಮನ ನಿದ್ದೆ ಹಾರಿಹೋಯಿತು. ಮಾಮನ ಕಾಗದವಿಲ್ಲ, ತಂತಿಯಿಲ್ಲ.

ಅದೇ ಹೊತ್ತಿಗೆ ಬಂದರಿನಲ್ಲಿ ಬಾಯಿಂದ ಬಾಯಿಗೆ ಸುದ್ದಿ ಹಬ್ಬತೊಡಗಿತು. ಕಡಲಿನಾಚೆ ಕರಿ ಹಡಗು ಕಂಡಿತಂತೆ. ಮದ್ರಾಸಿನವರು ಊರು ಬಿಟ್ಟು ಓಡುತ್ತಿದ್ದಾರಂತೆ. ಹಂಚಿನ ಕಾರ್ಖಾನೆಗಳ ಚಿಮಣಿಗಳನ್ನೇ ಗುರುತು ಮಾಡಿಕೊಂಡು ಬಾಂಬು ಹಾಕುತ್ತಾರಂತೆ. ನಮ್ಮ ಓಣಿಯ ಒಂದೊಂದೇ ಮನೆಗೆ ಬೀಗ ಬಿದ್ದಿತು. ಗಾಡಿಗಳ ಮೇಲೆ ಹಾಸಿಗೆ, ಹಂಡೆ, ಕೋಳಿಗೂಡುಗಳು ಪೂರ್ವಕ್ಕೆ ಹೊರಟವು.

"ನಾವೂ ಹೋಗುವ" ಎಂದರು ಅಮ್ಮ.

ಅಪ್ಪ ನಕ್ಕರು. "ಬಾಂಬು ಹಾಕುವವ ಅಷ್ಟು ದೂರದಿಂದ ಬಂದು ನಮ್ಮ ಮೆಣಸಿನ ಮೇಲೆ ಹಾಕ್ತಾನಾ?"

"ಮೆಣಸು ಯಾವುದು, ಮನುಷ್ಯ ಯಾವುದು ಅಂತ ಅವನಿಗೆ ಮೇಲಿಂದ ಕಾಣ್ತದಾ?"

ಶಾಲೆಗೆ ಬೇಸಿಗೆ ರಜೆ ಸಿಕ್ಕಿದ ವಾರವೇ ನಾವು ಗಾಡಿ ಹತ್ತಿದೆವು.

ಕುಲಶೇಖರ ದಾಟಿ, ಪಡೀಲಿನ ಇಳಿಜಾರಿನಲ್ಲಿ ಗದ್ದೆಗಳ ನಡುವೆ ಆ ಕೆರೆ ಇತ್ತು. ಸುತ್ತಲಿನವರು ಮಲ್ಲಕೆರೆ ಎನ್ನುತ್ತಿದ್ದರು. ತುಳುವಿನಲ್ಲಿ ದೊಡ್ಡ ಕೆರೆ ಎಂದಷ್ಟೇ ಅರ್ಥ. ಅದರ ಪಡುದಂಡೆಯಲ್ಲಿ, ಕೊಯ್ಲು ಮುಗಿದು ಬೋಳಾದ ಗದ್ದೆಯಲ್ಲಿ, ಗದ್ದೆಯ ಒಡೆಯರ ಒಪ್ಪಿಗೆ ಪಡೆದು ಪೇಟೆಯ ಜನ ತೆಂಗಿನ ಮಡಲಿನ ಗುಡಿಸಲು ಹಾಕಿಕೊಂಡಿದ್ದರು. ನಾವು ಹೋಗುವಾಗ ಹತ್ತಿಪ್ಪತ್ತು ಇದ್ದವು. ಮೇ ತಿಂಗಳಿಗೆ ದಂಡೆಯುದ್ದಕ್ಕೂ ತುಂಬಿದವು. ಗಡಿಬಿಡಿಯಲ್ಲಿ ಎದ್ದ ಊರು, ಹೆಸರಿಲ್ಲದ ಊರು. ನಮ್ಮ ಎಡಕ್ಕೆ ಬಟ್ಟೆ ವ್ಯಾಪಾರದ ಬ್ಯಾರಿಗಳ ದೊಡ್ಡ ಕುಟುಂಬ. ಬಲಕ್ಕೆ ದುಗ್ಗಕ್ಕ ಎಂಬ ಮೊಗವೀರ ಮುದುಕಿ ಮತ್ತು ಅವಳ ಮೊಮ್ಮಗಳು ಸುಂದರಿ. ಸುಂದರಿಯ ಅಪ್ಪ ಅಮ್ಮ ದೋಣಿ, ಮೀನು ಬಿಟ್ಟು ಬರಲಾಗದೆ ಬಂದರಿನಲ್ಲೇ ಉಳಿದಿದ್ದರು. ದಂಡೆಯ ಕೊನೆಯಲ್ಲಿ, ನಮ್ಮಂತೆಯೇ ಕ್ರೈಸ್ತನಾದ ಒಬ್ಬ ಮುದಿ ದರ್ಜಿ ಒಂಟಿಯಾಗಿ ಹೊಲಿಗೆ ಯಂತ್ರ ಇಟ್ಟುಕೊಂಡು ಕೂತಿದ್ದ. ಮನೆಯಲ್ಲಿ ನಮ್ಮದು ಕೊಂಕಣಿ, ಕೆರೆಬದಿಯಲ್ಲಿ ಎಲ್ಲರಿಗೂ ತುಳು. ಇಲ್ಲಿ ಅವರನ್ನೆಲ್ಲ ನಾನು ಕನ್ನಡದಲ್ಲಿ ಮಾತಾಡಿಸುತ್ತಿದ್ದೇನೆ.

ಮೊದಲ ವಾರ ಅದು ಜಾತ್ರೆಯ ಬಿಡಾರದಂತೆ ಕಾಣುತ್ತಿತ್ತು. ಮಕ್ಕಳು ಕೆರೆಯಲ್ಲಿ ಬಿದ್ದು ಹೊರಳಿದರು. ನಾನು ಮಾವಿನ ಮರದಡಿ ಹತ್ತಾರು ಮಕ್ಕಳನ್ನು ಕೂರಿಸಿ ಮಗ್ಗಿ ಹೇಳಿಸಿದೆ. ಎಲ್ಲರಿಗಿಂತ ದೊಡ್ಡ ಧ್ವನಿ ಸುಂದರಿಯದು. ಲೆಕ್ಕ ಮಾತ್ರ ಯಾವಾಗಲೂ ತಪ್ಪು. ಆಮೇಲೆ ಬಿಸಿಲು ಏರಿತು. ಮಡಲಿನ ಒಳಗೆ ಕೂತರೆ ಬೆಂದು ಹೋಗುವಂತೆ, ಹೊರಗೆ ಕೂತರೆ ಸುಟ್ಟು ಹೋಗುವಂತೆ. ಹಗಲೆಲ್ಲ ಊರಿನಲ್ಲಿ ಹೆಂಗಸರು, ಮುದುಕರು, ಮಕ್ಕಳು ಮಾತ್ರ. ನೀರು ಹೊರುವುದು, ಸೌದೆ ಹೆಕ್ಕುವುದು, ಆಕಾಶ ನೋಡುವುದು. ವಿಮಾನ ಬರುವುದೇ ಎಂದು ನೋಡಿ ನೋಡಿ, ಕೊನೆಗೆ ಮೋಡವಾದರೂ ಬರುವುದೇ ಎಂದು ನೋಡುವಂತಾಯಿತು.

ಗಂಡಸರ ಪಾಡು ಬೇರೆ. ಅಂಗಡಿ ಗೋದಾಮುಗಳು ಮುಚ್ಚಿರಲಿಲ್ಲ. ಬೆಳಕು ಹರಿಯುವಾಗ ಅವರೆಲ್ಲ ಸಾಲಾಗಿ ಪೇಟೆಗೆ ನಡೆಯುತ್ತಿದ್ದರು, ಸಂಜೆ ಸಾಲಾಗಿ ಹಿಂತಿರುಗುತ್ತಿದ್ದರು. ಪೆಟ್ರೋಲು ಸಿಗದೆ ಇದ್ದಿಲಿನ ಹೊಗೆಯಲ್ಲಿ ಓಡುವ ಬಸ್ಸೊಂದಿತ್ತು. ಏರಿನಲ್ಲಿ ಅದು ನಿಂತರೆ ಪ್ರಯಾಣಿಕರೇ ದೂಡಬೇಕು. ಅದಕ್ಕಿಂತ ನಡೆಯುವುದೇ ಮೇಲು ಎಂದು ಅಪ್ಪ ನಡೆದರು. ಐವತ್ತೈದು ದಾಟಿದ ಮನುಷ್ಯ. ಸಂಜೆ ಬಂದವರು ಗುಡಿಸಲಿನ ಮುಂದೆ ಕೂತು ಕಾಲನ್ನು ಎರಡೂ ಕೈಯಿಂದ ಎತ್ತಿ ಬಿಸಿನೀರಿನ ಬೋಗುಣಿಯೊಳಗೆ ಇಡುತ್ತಿದ್ದರು, ಬೇರೆ ಯಾರದೋ ಕಾಲು ಎನ್ನುವಂತೆ.

ಕೆರೆಯ ಮೂಡುದಂಡೆಯಲ್ಲಿ ಮೋನಪ್ಪ ಎಂಬ ಒಕ್ಕಲಿನವನ ಮನೆ. ಕೆರೆ ನೀರಿನಿಂದ ಬೇಸಿಗೆಯ ಮೂರನೇ ಬೆಳೆ, ಸೌತೆ, ಹರಿವೆ ಬೆಳೆಸುತ್ತಿದ್ದ. ನಾವು ಬಂದ ಮೇಲೆ ನೀರು ದಿನದಿನಕ್ಕೆ ಇಳಿಯಿತು. ಒಂದು ಬೆಳಿಗ್ಗೆ ಅವನು ಎತ್ತುಗಳನ್ನು ಹೊಡೆದುಕೊಂಡು ಬಂದು ನಮ್ಮ ದಂಡೆಯಲ್ಲೇ ನೀರಿಗೆ ಇಳಿಸಿದ. ಹೆಂಗಸರು ಕೊಡ ಹಿಡಿದು ನಿಂತಿದ್ದರು.

"ಕುಡಿಯುವ ನೀರು ಮಾರಾಯ, ಆಚೆ ಇಳಿಸು" ಎಂದಳು ದುಗ್ಗಕ್ಕ.

"ಆಚೆ ಕೆಸರು ಮಾತ್ರ ಉಂಟು" ಎಂದ ಮೋನಪ್ಪ. ಅವನ ಧ್ವನಿಯಲ್ಲಿ ಸಿಟ್ಟಿಗಿಂತ ಆಯಾಸವೇ ಹೆಚ್ಚಿತ್ತು. "ನೀವು ಬಾಂಬಿಗೆ ಹೆದರಿ ಇಲ್ಲಿಗೆ ಬಂದಿರಿ. ನಾನು ನಿಮಗೆ ಹೆದರಿ ಎಲ್ಲಿಗೆ ಹೋಗ್ಲಿ?"

ಎತ್ತುಗಳು ಕುಡಿದು ಹೋದ ಮೇಲೆ, ಕದಡಿದ ನೀರು ತಿಳಿಯಾಗಲು ಸ್ವಲ್ಪ ಹೊತ್ತು ಕಾದು, ಹೆಂಗಸರು ಅದನ್ನೇ ತುಂಬಿಸಿಕೊಂಡರು.

ಮೇ ತಿಂಗಳ ನಡುವೆ ಒಂದು ಮಧ್ಯಾಹ್ನ ಪಾಸ್ಕು ಮಾಮ ಬಂದ. ಬಂದರಿನ ಮನೆಗೆ ಬೀಗ ಕಂಡು, ಯಾರನ್ನೋ ಕೇಳಿ, ಕೆರೆಗೆ ನಡೆದೇ ಬಂದಿದ್ದ. ಬರ್ಮಾದ ಕಾಡುಗುಡ್ಡ ಹತ್ತಿ ಇಳಿದವನಿಗೆ ಪಡೀಲು ದೂರವೇನಲ್ಲ. ನಾನು ಮಕ್ಕಳಿಗೆ ಪಾಠ ಹೇಳುತ್ತಿದ್ದೆ. ಉದ್ದ ಗಡ್ಡದ, ಯಾರದೋ ಖಾಕಿ ಅಂಗಿ ತೊಟ್ಟ ಆ ಮನುಷ್ಯನನ್ನು ಭಿಕ್ಷುಕನೆಂದುಕೊಂಡು ಮುಂದೆ ಹೋಗಲು ಕೈಬೀಸಿದೆ. ಅವನು ನಿಂತು ನನ್ನ ಹೆಸರು ಹಿಡಿದು "ಎಮಿಲಿ" ಎಂದ.

ಅಮ್ಮ ಗುಡಿಸಲಿನಿಂದ ಓಡಿಬಂದರು. ತಮ್ಮನ ಮುಖ ನೋಡಿದವರು, ಮರುಕ್ಷಣ ಅವನ ಭುಜದ ಮೇಲಿಂದ ಹಿಂದಿನ ದಾರಿಯನ್ನು ನೋಡಿದರು. ದಾರಿ ಖಾಲಿ ಇತ್ತು. ಮಾಮ ತಲೆಯನ್ನು ಒಮ್ಮೆ ಅಡ್ಡ ಆಡಿಸಿದ. ಅಷ್ಟೇ. ಅಮ್ಮ ಅಲ್ಲೇ ದಾರಿಯಲ್ಲಿ ಕೂತುಬಿಟ್ಟರು.

ಊರೆಲ್ಲ ನಮ್ಮ ಗುಡಿಸಲಿನ ಮುಂದೆ ನೆರೆಯಿತು. ಬಾಂಬು ಕಣ್ಣಾರೆ ಕಂಡವನು ಬಂದಿದ್ದಾನೆ. ಹೇಗಿರುತ್ತದೆ, ಎಷ್ಟು ದೊಡ್ಡದು, ಮೊದಲು ಶಬ್ದವೋ ಬೆಂಕಿಯೋ? ಮಾಮ ಯಾರಿಗೂ ಉತ್ತರ ಕೊಡಲಿಲ್ಲ. ದಣಿದಿದ್ದಾನೆ, ನಾಳೆ ಹೇಳುತ್ತಾನೆ ಎಂದು ಜನ ಚದುರಿದರು. ನಾಳೆಯೂ ಅವನು ಹೇಳಲಿಲ್ಲ. ಕೆರೆಯ ದಂಡೆಗೆ ಹೋಗಿ ಕೂತು, ಹೆಂಗಸರು ಕೊಡ ಮುಳುಗಿಸುವುದನ್ನು, ಒಂದು ಮಾರು ಆಚೆ ಮಕ್ಕಳು ಮೈ ತೊಳೆಯುವುದನ್ನು, ಇನ್ನೊಂದು ಮಾರು ಆಚೆ ಎತ್ತುಗಳು ನಿಂತಿರುವುದನ್ನು ನೋಡಿದ. ಎದ್ದುಬಂದು ಅಮ್ಮನ ಕೈಯಿಂದ ಕೊಡ ತೆಗೆದುಕೊಂಡು ನೀರನ್ನು ನೆಲಕ್ಕೆ ಚೆಲ್ಲಿದ.

"ಎಂತ ಮಾಡಿದಿ ಪಾಸ್ಕು?"

"ಕುದಿಸದೆ ಕುಡೀಬಾರ್ದು."

"ಇಷ್ಟು ದಿನ ಕುಡಿದದ್ದು ಇದನ್ನೇ."

"ಇನ್ನು ಬೇಡ."

ಅದೇ ಸಂಜೆ ಅವನು ಮೂಡುದಂಡೆಗೆ ಹೋಗಿ ಮೋನಪ್ಪನ ಬಳಿ ಹಾರೆ, ಬುಟ್ಟಿ ಕೇಳಿದ. ಮೋನಪ್ಪ ಯಾಕೆ ಎಂದ. ನೀರಿನ ಗುಂಡಿಗೆ, ನಿನ್ನ ಕೆರೆಯಿಂದ ದೂರ, ಎಂದ ಮಾಮ. ಕೆರೆಯಿಂದ ದೂರ ಎಂಬ ಮಾತು ಮೋನಪ್ಪನಿಗೆ ಹಿಡಿಸಿತು. ಮರುದಿನ ಅವನೇ ಹಾರೆ ಹೊತ್ತು ಬಂದು, ಗದ್ದೆಯ ಮೇಲ್ಬದಿಯಲ್ಲಿ ಮರಳು ಇರುವ ಜಾಗ ತೋರಿಸಿದ. ಇಬ್ಬರೂ ಸೇರಿ ಅಗೆದರು. ಆಳಕ್ಕೆ ಹೋದ ಮೇಲೆ ಒರತೆ ಕಂಡಿತು, ಬೆರಳು ಗಾತ್ರದ್ದು, ತಣ್ಣಗಿನದು. ಮಾಮ ಬಾಯಿಗೆ ಸುತ್ತ ಮಣ್ಣಿನ ಕಟ್ಟೆ ಕಟ್ಟಿ, ಮೇಲೆ ಮಡಲು ಮುಚ್ಚಿ, ಪಕ್ಕದಲ್ಲಿ ಕೂತ. ಯಾರ ಕೊಡವೂ ಗುಂಡಿಗೆ ಇಳಿಯಬಾರದು. ಅವನೇ ಒಂದು ಕರಟದ ಸೌಟಿನಿಂದ ಮೊಗೆದು ಕೊಡುತ್ತಿದ್ದ. ಒಂದು ಕೊಡ ತುಂಬಬೇಕಾದರೆ ನಿಂತು ನಿಂತು ಕಾಲು ಸೋಲುತ್ತಿತ್ತು. ಮನೆಗೆ ಒಯ್ದ ಮೇಲೂ ಕುದಿಸಿ ಎನ್ನುತ್ತಿದ್ದ. ಕುದಿಸಲು ಸೌದೆ ಬೇಕು. ಹತ್ತಿರದ ಸೌದೆಯೆಲ್ಲ ಮುಗಿದು, ಹೆಂಗಸರು ಪಡೀಲಿನ ಗುಡ್ಡಕ್ಕೆ ಹೋಗಿ ತರಬೇಕಾಗಿತ್ತು.

ಮೊದಲ ಎರಡು ದಿನ ಸಾಲು ಇತ್ತು. ಆಮೇಲೆ ಸಾಲು ಕರಗಿತು. ರಂಗೂನಿನ ಬಾಂಬಿಗೆ ಪಾಪ ತಲೆ ಕೆಟ್ಟಿದೆ ಎಂದರು. ಜನರದು ತಪ್ಪೆಂದು ಈಗಲೂ ನನಗೆ ಅನ್ನಿಸುವುದಿಲ್ಲ. ಆ ಬಿಸಿಲಿನಲ್ಲಿ, ಸೊಂಟದಲ್ಲಿ ಮಗು, ತಲೆಯಲ್ಲಿ ಸೌದೆ ಇಟ್ಟುಕೊಂಡವಳಿಗೆ ಎದುರಿಗೇ ಕೆರೆ ಇರುವಾಗ ಕರಟದ ನೀರಿಗೆ ಕಾಯುವ ತಾಳ್ಮೆ ಎಲ್ಲಿಂದ ಬರಬೇಕು? ದುಗ್ಗಕ್ಕ ನನ್ನೆದುರೇ ಹೇಳಿದಳು:

"ನಿನ್ನ ಮಾಮ ಒಳ್ಳೆಯವ ಟೀಚರ್. ಆದ್ರೆ ನನಗೆ ಪ್ರಾಯ ಆಯ್ತು. ಒಂದು ಕೊಡಕ್ಕೆ ಅಷ್ಟು ಹೊತ್ತು ನಿಲ್ಲಲಿಕ್ಕೆ ಆಗುದಿಲ್ಲ."

ಮಾಮ ಮಾತ್ರ ಎದ್ದುಹೋಗಲಿಲ್ಲ. ಯಾರೂ ಬಾರದಿದ್ದರೂ ಗುಂಡಿಯ ಪಕ್ಕದಲ್ಲಿ, ತಲೆಗೆ ಟವಲು ಹಾಕಿಕೊಂಡು, ಬೆಳಿಗ್ಗೆಯಿಂದ ಸಂಜೆಯವರೆಗೆ ಕೂತಿರುತ್ತಿದ್ದ.

ಮೊದಲು ಮಲಗಿದ್ದು ದಂಡೆಯ ಕೊನೆಯ ದರ್ಜಿ. ವಾಂತಿ, ಭೇದಿ. ಒಂಟಿ ಮನುಷ್ಯನಾದ್ದರಿಂದ ಗೊತ್ತಾಗುವಾಗಲೇ ತಡವಾಗಿತ್ತು. ಅವನನ್ನು ಗಾಡಿಯಲ್ಲಿ ಕುಲಶೇಖರದ ಇಗರ್ಜಿಯ ಸ್ಮಶಾನಕ್ಕೆ ಒಯ್ಯುವಾಗ ಅವನ ಹೊಲಿಗೆ ಯಂತ್ರದಲ್ಲಿ ಯಾವುದೋ ಮಗುವಿನ ಲಂಗ ಅರ್ಧ ಹೊಲಿದು ಹಾಗೇ ಇತ್ತು. ಆ ದಿನವೇ ಎರಡು ಕುಟುಂಬಗಳು ಗಂಟು ಕಟ್ಟಿ ಹೊರಟವು. ಎಲ್ಲಿಗೆ ಹೋಗುತ್ತೀರಿ ಎಂದರೆ ಅವರಿಗೂ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಮಾವಿನ ಮರದಡಿಗೆ ಸುಂದರಿ ಬರಲಿಲ್ಲ. ಹೋಗಿ ನೋಡಿದರೆ ಚಾಪೆಯ ಮೇಲೆ ಮುದುಡಿ ಮಲಗಿದ್ದಳು. ಕಣ್ಣು ಗುಳಿ ಬಿದ್ದಿತ್ತು, ಬೆರಳ ತುದಿಗಳು ಮುದುಕಿಯರ ಬೆರಳಿನಂತೆ ಸುಕ್ಕಾಗಿದ್ದವು. ದುಗ್ಗಕ್ಕ ಅವಳ ಪಾದ ತಿಕ್ಕುತ್ತ, ಹೊಟ್ಟೆಗೆ ಏನನ್ನೂ ಕೊಡಬಾರದು, ಕೊಟ್ಟದ್ದೆಲ್ಲ ಹೊರಗೆ ಬರುತ್ತದೆ ಎನ್ನುತ್ತಿದ್ದಳು. ನಾನು ಓಡಿಹೋಗಿ ಮಾಮನನ್ನು ಕರೆದೆ.

ಅವನು ಬಂದು ಮಗುವಿನ ಕೈಯ ಚರ್ಮವನ್ನು ಎರಡು ಬೆರಳಿನಿಂದ ಹಿಡಿದೆತ್ತಿ ಬಿಟ್ಟು ನೋಡಿದ. ಅಮ್ಮನಿಗೆ ಗಂಜಿಯ ತಿಳಿ ತರಲು ಹೇಳಿದ, ಉಪ್ಪು ಹಾಕಿ, ಚೂರು ಬೆಲ್ಲ ಹಾಕಿ. ತಿಳಿ ಬಂದಾಗ ದುಗ್ಗಕ್ಕ ಅವನ ಕೈಯಲ್ಲಿದ್ದ ಬಟ್ಟಲನ್ನು ನೋಡಿದಳು. ಅವಳು ತನ್ನ ಜೀವಮಾನದಲ್ಲಿ ಬೇರೆ ಜಾತಿಯವರ ಒಲೆಯ ಗಂಜಿ ಮುಟ್ಟಿದವಳಲ್ಲ. ಮಾಮ ಕಾದ. ಮಗು ಒಮ್ಮೆ ನರಳಿತು.

"ಕೊಡು" ಎಂದಳು ದುಗ್ಗಕ್ಕ.

ಚಮಚದಲ್ಲಿ ಒಂದೊಂದೇ ಗುಟುಕು. ಮಗು ಕಕ್ಕಿತು. ಮಾಮ ಬಾಯಿ ಒರೆಸಿ, ಸ್ವಲ್ಪ ಹೊತ್ತು ಬಿಟ್ಟು, ಮತ್ತೆ ಒಂದು ಗುಟುಕು ಕೊಟ್ಟ. ಮತ್ತೆ ಕಕ್ಕಿತು. ಮತ್ತೆ ಕೊಟ್ಟ. ಬಿಸಿಲು ಗುಡಿಸಲಿನ ಒಂದು ಬದಿಯಿಂದ ಇನ್ನೊಂದು ಬದಿಗೆ ತಿರುಗಿತು. ನಾನು ಗಾಳಿ ಬೀಸುತ್ತ ಕೂತಿದ್ದೆ. ಕೈ ಸೋತಾಗ ಅಮ್ಮ ಬೀಸಿದರು, ಅಮ್ಮನ ಕೈ ಸೋತಾಗ ಬ್ಯಾರಿಗಳ ಮನೆಯ ಸೊಸೆ ಬಂದು ಬೀಸಿದಳು. ಮಾಮನ ಕೈ ಮಾತ್ರ ಬದಲಾಗಲಿಲ್ಲ. ಸಂಜೆಯ ಹೊತ್ತಿಗೆ ಮಗು ಕಕ್ಕುವುದು ನಿಂತಿತು. ಮರುದಿನವೂ ಅವನು ಹಾಗೇ ಕೂತ. ಮಧ್ಯಾಹ್ನ ಸುಂದರಿ ಕಣ್ಣು ತೆರೆದು, ಗಂಜಿ ಬೇಡ, ಮೀನು ಬೇಕು ಎಂದಳು.

ದುಗ್ಗಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. "ಇದನ್ನೆಲ್ಲ ಎಲ್ಲಿ ಕಲಿತದ್ದು ಮಾರಾಯ ನೀನು?"

ಮಾಮ ಚಮಚವನ್ನು ಬಟ್ಟಲಲ್ಲಿ ಇಟ್ಟ. "ದಾರಿಯಲ್ಲಿ. ಒಬ್ಬ ಮುದುಕ ಹೇಳಿಕೊಟ್ಟ." ಬಟ್ಟಲನ್ನು ಬದಿಗೆ ಸರಿಸಿ ಹೇಳಿದ, "ಅವ ಸಿಕ್ಕಿದ್ದು ಲೂಸಿ ಹೋದ ಮೇಲೆ. ನಾಲ್ಕು ದಿನ ಮೊದಲು ಸಿಗಬೇಕಿತ್ತು."

ರಂಗೂನಿನಿಂದ ಬಂದ ಮೇಲೆ ಹೆಂಡತಿಯ ಹೆಸರನ್ನು ಅವನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅಮ್ಮ ಅಳಲಿಲ್ಲ. ತಮ್ಮನ ಪಕ್ಕದಲ್ಲಿ ಕೂತು, ಅವನ ಬೆನ್ನ ಮೇಲೆ ಕೈಯಿಟ್ಟರು.

ಆಮೇಲೆ ಊರಿಡೀ ಗುಂಡಿಯ ಮುಂದೆ ಸಾಲು ನಿಂತಿತು. ಮೋನಪ್ಪ ಇನ್ನೊಂದು ಒರತೆ ಹುಡುಕಿ ಕೊಟ್ಟ. ತನ್ನ ಅಂಗಳದ ಸೌದೆಯ ರಾಶಿಯಿಂದ ಹೊರೆ ಹೊರೆ ತಂದು ದಂಡೆಯಲ್ಲಿ ಹಾಕಿದ. ಎತ್ತುಗಳನ್ನು ಆಚೆ ಬದಿಯಲ್ಲೇ ಇಳಿಸಿದ. ಇನ್ನೂ ಮೂವರು ಮಲಗಿದರು, ಮೂವರೂ ಎದ್ದರು. ಆದರೆ ಆ ಊರಿನಲ್ಲಿ ಯಾರಿಗೂ ಇರುವ ಮನಸ್ಸು ಉಳಿದಿರಲಿಲ್ಲ. ಜನ ಆಕಾಶ ನೋಡುವುದನ್ನೂ ಬಿಟ್ಟಿದ್ದರು.

ಒಂದು ಸಂಜೆ ಅಪ್ಪ ಪೇಟೆಯಿಂದ ಬಂದು ಊಟಕ್ಕೆ ಕೂತರು. ಅಮ್ಮ ಗಂಜಿ ಬಡಿಸಿ ಉಪ್ಪಿನಕಾಯಿ ತರಲು ಒಳಗೆ ಹೋಗಿ ಬರುವಷ್ಟರಲ್ಲಿ, ಕೈಯಲ್ಲಿ ತುತ್ತು ಹಿಡಿದುಕೊಂಡೇ ಅಪ್ಪ ನಿದ್ದೆ ಹೋಗಿದ್ದರು. ಅಮ್ಮ ಎಬ್ಬಿಸಲಿಲ್ಲ. ಅವರ ಒಡೆದ ಹಿಮ್ಮಡಿಗಳನ್ನು ನೋಡುತ್ತ ನಿಂತರು.

"ಬಾಂಬು ಬೀಳುದಿದ್ರೆ ಹಗಲಿಗೇ ಬೀಳ್ತದೆ" ಎಂದರು ನನ್ನ ಕಡೆ ತಿರುಗದೆ. "ಹಗಲಿಗೆ ಇವರು ಇರುದು ಬಂದರಿನಲ್ಲಿ. ನಾವು ಇಲ್ಲಿ ಕೂತು ಯಾರನ್ನು ಉಳಿಸಿಕೊಳ್ತಾ ಇದ್ದೇವೆ?"

ಅಪ್ಪ ಕಣ್ಣುಬಿಟ್ಟು, ಏನೂ ಆಗದವರಂತೆ ತುತ್ತನ್ನು ಬಾಯಿಗಿಟ್ಟರು.

"ಮನೆಗೆ ಹೋಗುವ" ಎಂದರು ಅಮ್ಮ. "ಬಿದ್ರೆ ಒಟ್ಟಿಗೆ ಬೀಳ್ಲಿ."

ಅಪ್ಪ ಹೂಂ ಎಂದರು. ಬೇಡ ಎನ್ನಲು ಶಕ್ತಿ ಇರಲಿಲ್ಲವೋ, ಎಷ್ಟೋ ದಿನದಿಂದ ಆ ಮಾತಿಗೆ ಕಾದಿದ್ದರೋ ನನಗೆ ತಿಳಿಯಲಿಲ್ಲ.

ಜೂನ್ ಹತ್ತಿರ ಬರುತ್ತಿದ್ದಂತೆ ಕಡಲ ಕಡೆಯಿಂದ ಮೋಡ ಏರಿತು. ನಾವೊಬ್ಬರೇ ಅಲ್ಲ, ಊರಿಗೆ ಊರೇ ಗಂಟು ಕಟ್ಟಿತು. ದುಗ್ಗಕ್ಕನನ್ನೂ ಸುಂದರಿಯನ್ನೂ ಕರೆದೊಯ್ಯಲು ಮಗ ಗಾಡಿ ತಂದ. ಮಡಲುಗಳನ್ನು ಕಿತ್ತು ಮೋನಪ್ಪನ ಹಟ್ಟಿಯ ಮಾಡಿಗೆ ಹೊದಿಸಲು ಕೊಟ್ಟರು. ನಮ್ಮ ಗಾಡಿ ತುಂಬಿ ನಿಂತಾಗ ಮಾಮ ಕಾಣಲಿಲ್ಲ. ಹುಡುಕಿಕೊಂಡು ಹೋದರೆ ಹಾರೆ ಹಿಡಿದು ಗುಂಡಿಗಳಿಗೆ ಮಣ್ಣು ತುಂಬುತ್ತಿದ್ದ. ಮೋನಪ್ಪ ಪಕ್ಕದಲ್ಲಿ ನಿಂತು ಬೇಡವೆನ್ನುತ್ತಿದ್ದ.

"ಇರ್ಲಿ ಮಾರಾಯ. ಮುಂದಿನ ಬೇಸಿಗೆಗೆ ಆಗ್ತದೆ."

"ಮಳೆಗಾಲದಲ್ಲಿ ಗದ್ದೆಯ ಗಲೀಜೆಲ್ಲ ಇದರೊಳಗೆ ಇಳೀತದೆ" ಎಂದ ಮಾಮ. "ಒಳ್ಳೆ ನೀರಿನ ಗುಂಡಿ ಅಂತ ನೆನಪಿಟ್ಟುಕೊಂಡು ಯಾರಾದ್ರೂ ಬಂದು ಕುಡಿದ್ರೆ?"

ಮೋನಪ್ಪ ಬುಟ್ಟಿ ತೆಗೆದುಕೊಂಡು ತಾನೂ ಮಣ್ಣು ಹೊತ್ತ. ಎರಡೂ ಗುಂಡಿ ಮುಚ್ಚಿ, ಕಾಲಿನಿಂದ ತುಳಿದು ಗಟ್ಟಿ ಮಾಡಿದ ಮೇಲೆಯೇ ಮಾಮ ಗಾಡಿ ಹತ್ತಿದ್ದು. ಕುಲಶೇಖರದ ಏರಿನಲ್ಲಿ ಮೊದಲ ಹನಿಗಳು ಬಿದ್ದವು. ಬಂದರು ತಲುಪುವಾಗ ನಾವೂ ನಮ್ಮ ಹಾಸಿಗೆಗಳೂ ನೆನೆದು ಮುದ್ದೆಯಾಗಿದ್ದೆವು. ಮೆಣಸಿನ ಚೀಲಗಳ ವಾಸನೆಯ ನಮ್ಮ ಓಣಿ ಬಿಟ್ಟುಹೋದ ಹಾಗೆಯೇ ಇತ್ತು. ಒಂದು ಹಂಚು ಕೂಡ ಜಾರಿರಲಿಲ್ಲ.

ಮರುದಿನ ಬೆಳಿಗ್ಗೆ ಮಳೆ ನಿಂತಿರಲಿಲ್ಲ. ಒಳಕೋಣೆಯಲ್ಲಿ ಒದ್ದೆ ಹಾಸಿಗೆಗಳನ್ನು ಬದಿಗೆ ಸರಿಸಿ, ಬರಿ ಚಾಪೆಯ ಮೇಲೆ ಅಪ್ಪ ಮತ್ತು ಮಾಮ ಅಕ್ಕಪಕ್ಕದಲ್ಲಿ ಮಲಗಿದ್ದರು. ಕೆರೆಬದಿಯಲ್ಲಿ ಅಷ್ಟು ದಿನ ಮಾಮ ಮಲಗಿದ್ದನ್ನು ನಾನು ಕಂಡೇ ಇರಲಿಲ್ಲ. ಗುಡಿಸಲಿನ ಕಂಬಕ್ಕೊರಗಿ ಕಣ್ಣು ಮುಚ್ಚುತ್ತಿದ್ದ, ಅಷ್ಟೇ. ಈಗ ಬಾಯಿ ತೆರೆದು, ಕೈಕಾಲು ಚಾಚಿ, ಮಗುವಿನಂತೆ ನಿದ್ದೆ ಮಾಡುತ್ತಿದ್ದ. ಅಪ್ಪ ಎದ್ದು ಗೋದಾಮಿಗೆ ಹೊರಡುವ ಹೊತ್ತು ಮೀರಿತು. ಎಬ್ಬಿಸಲೇ ಎಂಬಂತೆ ನಾನು ಅಮ್ಮನ ಮುಖ ನೋಡಿದೆ. ಅಮ್ಮ ಚಹಾಕ್ಕೆ ಇಟ್ಟ ನೀರನ್ನು ಒಲೆಯಿಂದ ಕೆಳಗಿಳಿಸಿದರು.

ಸ್ವಲ್ಪ ಹೊತ್ತಿನಲ್ಲಿ ಗೋದಾಮಿನ ಆಳು ಕೊಡೆ ಹಿಡಿದುಕೊಂಡು ಬಂದ.

"ಗುಮಾಸ್ತರು ಬರಲಿಲ್ಲ. ಸೇಟು ಕೇಳ್ತಾ ಇದ್ದಾರೆ."

ಅಮ್ಮ ಬಾಗಿಲಿಗೆ ಅಡ್ಡ ನಿಂತರು. ಪಾಪನಿವೇದನೆಗೆ ಹೋದಾಗ ಹೇಳಲು ಪಾಪ ಸಿಗದೆ ಪಾದ್ರಿಗಳ ಮುಂದೆ ಒದ್ದಾಡುತ್ತಿದ್ದ ಹೆಂಗಸು ಅವರು. ನನ್ನ ಅಮ್ಮ ಸುಳ್ಳು ಹೇಳಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ಮನೆಯಲ್ಲಿ ಯಾರೂ ಇಲ್ಲ" ಎಂದರು.

ಒಳಗಿನಿಂದ ಇಬ್ಬರು ಗಂಡಸರ ಗೊರಕೆ ಮಳೆಯ ಸದ್ದನ್ನೂ ಮೀರಿ ಕೇಳುತ್ತಿತ್ತು. ಆಳು ಅಮ್ಮನ ಮುಖ ನೋಡಿದ. ಅಮ್ಮ ಕಣ್ಣು ತಪ್ಪಿಸಲಿಲ್ಲ.

"ಹಾಗಾದ್ರೆ ಬಂದ ಮೇಲೆ ಹೇಳಿ" ಎಂದ ಅವನು.

"ಹೇಳ್ತೇನೆ" ಎಂದರು ಅಮ್ಮ. "ಯಾವಾಗ ಬರ್ತಾರೋ ಗೊತ್ತಿಲ್ಲ." ಬಾಗಿಲು ಮುಚ್ಚಿ ಚಿಲಕ ಹಾಕಿದರು.